ಗೈರಾದ ಸಾಹೇಬರು

ಕಿವಿಮಷೀನು ಬೆಂಕಿಪೊಟ್ಟಣದ ಹಾಗೆ ಅಂಗಿ ಜೇಬಿನಲ್ಲಿ ಕೂರುತ್ತಿದ್ದ ಕಾಲ ಅದು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿ ಕೇಳದ ಮುದುಕರಿಗೆ ಸರ್ಕಾರ ಅದನ್ನು ಪುಕ್ಕಟೆ ಹಂಚುತ್ತಿತ್ತು. ಹಂಚಲು ಬಂದ ಸಾಹೇಬರು ಕುರ್ಚಿಯಲ್ಲೇ ಕೂತು ಹೆಸರು ಕೂಗಿದರು.

“ಲಕ್ಕಯ್ಯ!”

ಪಕ್ಕದಲ್ಲಿ ಕೂತಿದ್ದ ಹೆಂಡತಿ ತಿವಿದಳು. ಲಕ್ಕಜ್ಜ ಎದ್ದು ಬಂದ.

“ಕೂಗಿದ್ದು ಕೇಳಿಸ್ತಲ್ಲ, ನಿನಗ್ಯಾಕೆ ಮಷೀನು?”

ಉಳಿದವರ ಹೆಸರುಗಳನ್ನೂ ಕೂಗಿದರು. ಯಾರೂ ಏಳಲಿಲ್ಲ.

“ಕರೆದರೆ ಬರಲ್ಲ. ಎಲ್ಲ ಗೈರು!” ಅಂತ ಸಾಹೇಬರು ಪೆಟ್ಟಿಗೆ ಮುಚ್ಚಿದರು.

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಯಾ ದ್ಯಾವಕ್ಕ ಇದನ್ನೆಲ್ಲ ನೋಡಿದಳು. ಬಿಸಿಲಲ್ಲಿ ನಡೆದು ಬಂದ ಜೀವಗಳು ಬರಿಗೈಲಿ ಹೋಗೋದೇ? ಅವಳು ದನಿ ತೆಗೆಯದೆ ಬರೀ ತುಟಿ ಆಡಿಸಿದಳು.

“ಏನಮ್ಮ?” ಅಂದರು ಸಾಹೇಬರು.

ಮತ್ತೆ ತುಟಿ ಆಡಿಸಿದಳು.

ಸಾಹೇಬರು ಕಿವಿಗೆ ಕೈ ಕೊಟ್ಟು, “ಏನೂ ಕೇಳಿಸ್ತಿಲ್ಲ!” ಅಂತ ಕೂಗಿದರು.

ದ್ಯಾವಕ್ಕ ಲೋಟವನ್ನು ಲಕ್ಕಜ್ಜನ ಕೈಗಿಟ್ಟಳು. “ಚಾ ಕುಡಿಯೋಕೆ ಬನ್ನಿ ಅಂತ ಎರಡು ಸಲ ಕರೆದೆ, ಬುದ್ಧಿ. ತಾವು ಬರಲಿಲ್ಲ. ಗೈರು ಅಂದ್ಕೊಂಡೆ.”

ಸಾಹೇಬರ ಮುಖ ಕೆಂಪಾಯಿತು. ಆಮೇಲೆ ಮೀಸೆಯೊಳಗೇ ನಕ್ಕು, ಪೆಟ್ಟಿಗೆ ಎತ್ತಿಕೊಂಡು ಒಬ್ಬೊಬ್ಬರ ಹತ್ತಿರ ತಾವೇ ಹೋದರು.

ಅವರ್ಯಾರೂ ಈಗಿಲ್ಲ. ಆದರೂ ನಮ್ಮೂರಲ್ಲಿ ಯಾವ ಗಂಡಸಾದರೂ ಕೇಳಿಯೂ ಕೇಳದ ಹಾಗೆ ಕೂತರೆ, ಹೆಂಗಸರು ಮಾತಿಲ್ಲದೆ ಅವನ ಮುಂದಿನ ಚಹಾ ಎತ್ತಿಕೊಂಡು ಹೋಗುತ್ತಾರೆ.