ತೃಣಕುಲದ ಹೋಳಿಗೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಸೇದಿಹೋಗಲಿ. ನಮ್ಮಜ್ಜನ ಅಜ್ಜ ಮುದ್ದೇನಕೋಟೆಯ ಅರಮನೆಯಲ್ಲಿ ಕಣ್ಣಾರೆ ಕಂಡದ್ದು. ಅವನು ಸುಳ್ಳು ಹೇಳಿದ್ದನ್ನು ನಾನಂತೂ ಒಂದು ದಿನವೂ ಕೇಳಿಲ್ಲ.

ಮುದ್ದೇನಕೋಟೆಯ ಪಾಳೆಯಗಾರ ಜಂಪಣ್ಣನಾಯಕನಿಗೆ ಕುದುರೆ ಹುಚ್ಚು. ಸೀಮೆಯ ಹುಲ್ಲೆಲ್ಲ ಲಾಯಕ್ಕೇ ಸೇರಬೇಕು, ಬೇರೆ ಯಾರಾದರೂ ಒಂದು ಎಸಳು ಮುಟ್ಟಿದರೆ ತಲೆ ಬೋಳಿಸಿ ಕತ್ತೆ ಮೇಲೆ ಮೆರವಣಿಗೆ. ಇದು ಅವನ ತಾತನ ಕಾಲದ ಕಟ್ಟಳೆ. ಆ ವರ್ಷ ನಾಯಕ ಜಂಬಕ್ಕೆಂದು ಇನ್ನೊಂದು ಹಿಂಡು ಕುದುರೆ ತರಿಸಿದ. ಹುಲ್ಲು ಸಾಲದಾಯಿತು.

ಆಗ ಎದ್ದು ನಿಂತವರು ಆಸ್ಥಾನದ ನರಹರಿಶಾಸ್ತ್ರಿಗಳು. ಗಿಡಮರಗಳ ಹೆಸರನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದ ಅವರು, ಹುಲ್ಲು ಎಂಬುದು ದನ ಕಾಯುವವರ ಮಾತು, ಶಾಸ್ತ್ರದ ಮಾತು ‘ತೃಣಕುಲ’ ಎಂದರು.

“ಯಾವುದು ಗೆಣ್ಣುಗೆಣ್ಣಾಗಿ ಬೆಳೆಯುತ್ತದೋ, ಯಾವುದರ ಎಲೆಯ ಬುಡ ದಂಟನ್ನು ಕೊಳವೆಯಂತೆ ಸುತ್ತಿರುತ್ತದೋ, ಯಾವುದರ ಎಲೆಯ ನರಗಳು ಉದ್ದಕ್ಕೆ ಸಾಲಾಗಿ ಓಡುತ್ತವೋ, ಅದೆಲ್ಲ ತೃಣಕುಲ. ರಾಗಿ, ಭತ್ತ, ಗೋಧಿ, ಕಬ್ಬು, ಬಿದಿರು, ಎಲ್ಲವೂ ಹುಲ್ಲೇ ಪ್ರಭು.”

ನಾಯಕನ ಮುಖ ಅರಳಿತು. ನಾಡಿದ್ದೇ ಕುಡುಗೋಲಿನವರು ಹೊರಡಲಿ, ಕೋಟೆ ಕೆಳಗಿನ ರಾಗಿ ಹೊಲದಿಂದಲೇ ಶುರುವಾಗಲಿ ಎಂದ.

ಆ ಹೊಲ ಓಬಳಯ್ಯನದು. ಓಬಳಯ್ಯ ಆಸ್ಥಾನದಲ್ಲಿ ನಾಯಕನನ್ನು ನಗಿಸಿಕೊಂಡಿದ್ದ ಆಸಾಮಿ; ನಗಿಸಿದ್ದಕ್ಕೆ ಸಿಕ್ಕಿದ್ದು ಆ ತುಂಡು ನೆಲ. ತೆನೆ ಬಾಗಿ ನಿಂತಿತ್ತು. ಮನೆ ಮಂದಿಯ ವರ್ಷದ ಮುದ್ದೆಯೆಲ್ಲ ಅದರಲ್ಲೇ. ಬೇಡವೆಂದರೆ ತನ್ನ ಹೊಲಕ್ಕೆ ಅಳುತ್ತಾನೆ ಎನ್ನುತ್ತಾರೆ. ಹಾಗಾಗಿ ಅವನು ಎದ್ದವನೇ ಶಾಸ್ತ್ರಿಗಳಿಗೆ ಉದ್ದಂಡ ಅಡ್ಡಬಿದ್ದ. ಎಂಥ ಶಬ್ದ, ಎಂಥ ಅರ್ಥ ಎಂದು ಹೊಗಳಿದ. ಆಮೇಲೆ ತಲೆ ಕೆರೆದುಕೊಂಡ.

“ಆದರೆ ನಮ್ಮ ಜನ ಭಾರಿ ಕಳ್ಳರು ಸ್ವಾಮಿ. ರಾಗಿ ಬೀಸಿಟ್ಟುಕೊಂಡು, ಇದು ಹಿಟ್ಟು, ಹುಲ್ಲಲ್ಲ ಅಂದರೆ?”

“ಬೀಸಿದರೆ ಕುಲ ಹೋಗುತ್ತದೇನಯ್ಯ? ಹಿಟ್ಟೂ ತೃಣಕುಲವೇ.”

“ಬೇಯಿಸಿಬಿಟ್ಟರೆ?”

“ಬೇಯಿಸಿದರೂ ಅಷ್ಟೇ.”

“ಕಬ್ಬು ಬೆಲ್ಲವಾದರೆ? ಬಿದಿರು ಬುಟ್ಟಿಯಾದರೆ?”

ಶಾಸ್ತ್ರಿಗಳಿಗೆ ಹುರುಪೇರಿತು. ಯಾವ ರೂಪದಲ್ಲಿರಲಿ, ಯಾರ ಮನೆಯಲ್ಲಿರಲಿ, ಕುಲ ಕುಲವೇ ಎಂದು ತೊಡೆ ತಟ್ಟಿದರು. ನಾಯಕ ಆ ಮಾತನ್ನೇ ತಮಟೆ ಹೊಡೆಸಿ ಸಾರಿಸಿದ. ಇಷ್ಟು ಮುತುವರ್ಜಿ ಇನ್ಯಾರಿಗಿದೆ ಎಂದು ವಸೂಲಿಯ ಅಧಿಕಾರವನ್ನೂ ಓಬಳಯ್ಯನಿಗೇ ಕೊಟ್ಟ.

ಮಾರನೆಯ ಮಧ್ಯಾಹ್ನ ನಾಯಕ ಊಟಕ್ಕೆ ಕೂತ. ಎಲೆಯ ಮೇಲೆ ಬದನೆಕಾಯಿ ಪಲ್ಯ, ಕೋಸಂಬರಿ, ಉಪ್ಪಿನಕಾಯಿ. ಮುದ್ದೆಗೆ ಕಾದ. ಅನ್ನಕ್ಕೆ ಕಾದ. ಬಡಿಸುವವನು ನೇರ ಮಜ್ಜಿಗೆಗೇ ಬಂದಾಗ ರೇಗಿದ.

ಓಡಿ ಬಂದ ಅಡುಗೆಯವನು ಒಪ್ಪಿಸಿದ್ದಿಷ್ಟು: ಓಬಳಯ್ಯ ಲಾಯದ ಆಳುಗಳ ಜೊತೆ ಬಂದು ಅನ್ನ, ಮುದ್ದೆ, ಹೋಳಿಗೆ ಎಲ್ಲ ಹೊರಿಸಿಕೊಂಡು ಹೋದ. ಹೂರಣದ ಬೇಳೆ ಆ ಕುಲದ್ದಲ್ಲ ಎಂದು ತಡೆದರೆ, ಬೆಲ್ಲದ ಸಹವಾಸ ಮಾಡಿದೆಯಲ್ಲ, ಅದೂ ಬರಲಿ ಎಂದ. ಬಾಳೆಎಲೆಯನ್ನು ಮಾತ್ರ ತಿರುಗಿಸಿ ನೋಡಿ, ಗೆಣ್ಣಿಲ್ಲದ ಗಿಡ, ಪ್ರಭುಗಳಿಗೆ ಇರಲಿ ಎಂದು ಬಿಟ್ಟುಹೋದ.

ನಾಯಕ ಪಲ್ಲಕ್ಕಿ ತರಿಸಿ ಎಂದ. ಪಲ್ಲಕ್ಕಿಯ ಬಿದಿರ ದಂಡಿಗೆ ಆಗಲೇ ಲಾಯ ಸೇರಿತ್ತು. ನಡೆದೇ ಹೊರಟ. ದಾರಿಯಲ್ಲಿ ಶಾಸ್ತ್ರಿಗಳು ಎದುರಾದರು. ಜಪಕ್ಕೆ ಕೂತಿದ್ದಾಗ ಕೆಳಗಿನ ದರ್ಭಾಸನವನ್ನೇ ಎಳೆದುಕೊಂಡು ಹೋದರೆಂದು ಅವರೂ ದೂರು ಹಿಡಿದು ಬರುತ್ತಿದ್ದರು.

ಲಾಯದಲ್ಲಿ ಪಟ್ಟದ ಕುದುರೆ ಬೆಳ್ಳಿ ತಟ್ಟೆಗೆ ಮೂತಿ ಇಟ್ಟು ಹೋಳಿಗೆ ಮೆಲ್ಲುತ್ತಿತ್ತು. ನಡುವೆ ತಲೆ ಎತ್ತಿ, ತುಪ್ಪ ಎಲ್ಲಿ ಎಂಬಂತೆ ಓಬಳಯ್ಯನ ಕಡೆ ನೋಡಿತು.

“ಲೋ ಓಬಳ, ನನ್ನ ಊಟ ತಂದು ಕುದುರೆಗೆ ಹಾಕಿದ್ದೀಯೇನೋ?”

ಓಬಳಯ್ಯ ಬಾಯಿಗೆ ಕೈ ಅಡ್ಡ ಹಿಡಿದು, ಕುದುರೆಗೆ ಕೇಳಿಸದ ಹಾಗೆ ಹೇಳಿದ: “ಮೆಲ್ಲಗೆ ಮಾತಾಡಿ ಬುದ್ಧೀ. ತನ್ನ ಮೇವನ್ನು ಇಷ್ಟು ವರ್ಷ ಯಾರು ತಿಂದರು ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ. ಗೊತ್ತಾದರೆ, ಕಟ್ಟಳೆ ಪ್ರಕಾರ ಕ್ಷೌರದವನನ್ನೂ ಕತ್ತೆಯನ್ನೂ ನಾನೇ ಕರೆಸಬೇಕಾಗುತ್ತೆ.”

ನಾಯಕನ ಕೈ ತಾನಾಗಿಯೇ ರುಮಾಲಿಗೆ ಹೋಯಿತು. ಆಮೇಲೆ ನಕ್ಕ. ಹಸಿದ ಹೊಟ್ಟೆಯಾದ್ದರಿಂದ ಮೊದಲು ಸಣ್ಣಗೆ, ಆಮೇಲೆ ಗೋಡೆ ಹಿಡಿದುಕೊಂಡು.

ಸಂಜೆಯೊಳಗೆ ತಮಟೆ ಮತ್ತೆ ಬಡಿಯಿತು: ಕುಲ ಯಾವುದಾದರೂ ಆಗಲಿ, ಜನ ಉತ್ತು ಬೆಳೆದದ್ದು ಜನಕ್ಕೆ, ತಾನಾಗಿ ಬೆಳೆದದ್ದು ಲಾಯಕ್ಕೆ. ಓಬಳಯ್ಯನ ಹೊಲಕ್ಕೆ ಪಕ್ಕದ ಇನ್ನೊಂದು ತುಂಡೂ ಸೇರಿತು. ಶಾಸ್ತ್ರಿಗಳಿಗೆ ದರ್ಭಾಸನ ವಾಪಸು ಸಿಕ್ಕಿತು. ಒಂದು ಮೂಲೆಯನ್ನು ಕುದುರೆ ರುಚಿ ನೋಡಿತ್ತು, ಅಷ್ಟೇ.

ಎಲ್ಲ ಪಕ್ಕಾ ನಿಜ. ಕುದುರೆ ತುಪ್ಪ ಕೇಳಿತು ಎಂಬ ಒಂದೇ ಒಂದು ಮಾತು ಮಾತ್ರ ನಾನು ಸೇರಿಸಿದ್ದು. ಅದು ಕೇಳಿದ್ದು ಹಾಲು.