ಪಂಚರ್ ಆಗದ ಗಾಲಿ

“ಅಜ್ಜಾರ, ಏನೂ ನಾಟದಂಥ ಮನಸ್ಸು ಬೇಕಾಗೇದ ನನಗ. ಅದಕ್ಕ ಏನು ಸಾಧನೆ ಮಾಡ್ಲಿ?”

ಮಠದ ಪಡಸಾಲೆಯಲ್ಲಿ ಗುರುಗಳ ಎದುರು ಕೂತು, ಅಲ್ಲೇ ಇದ್ದು ಓದುತ್ತಿದ್ದ ಗುರುಪಾದ ಹೀಗೆ ಕೇಳಿದ. ಅವನ ತಮ್ಮ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಪ್ರತಿ ಸೋಮವಾರ ಅವನ ತಾಯಿ ಊರಿನಿಂದ ಬಂದು ಮಠದ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮೊದಮೊದಲು ಅವನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಅವಳು ಸತ್ತ ಮಗನ ಹೆಸರೆತ್ತಿದರೆ ಇವನ ಎದೆ ಒಡೆಯುತ್ತಿತ್ತು; ಆಮೇಲೆ ಎಷ್ಟೋ ಹೊತ್ತು ಯಾವ ಪಾಠವೂ ತಲೆಗೆ ಹತ್ತುತ್ತಿರಲಿಲ್ಲ. ಬರಬರುತ್ತ, ಪೂಜೆಯಲ್ಲಿದ್ದೇನೆ ಎಂದು ಒಳಗಿನಿಂದಲೇ ಹೇಳಿಕಳಿಸತೊಡಗಿದ. ಅವಳು ಸಂಜೆಯವರೆಗೆ ಕೂತು, ತಂದದ್ದನ್ನು ಅಡುಗೆಮನೆಗೆ ಕೊಟ್ಟು, ಕೊನೆಯ ಬಸ್ಸಿಗೆ ಹೋಗುತ್ತಿದ್ದಳು. ಗುರುಗಳು ಇದನ್ನೆಲ್ಲ ನೋಡಿದ್ದರು, ಏನೂ ಅಂದಿರಲಿಲ್ಲ.

ಈಗಲೂ ಅವರು ಬುದ್ಧಿ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೊಂದು ಟ್ರ್ಯಾಕ್ಟರ್ ಇತ್ತು. ಹೊಲದ ದಾರಿಯ ಎರಡೂ ಬದಿಗೆ ಜಾಲಿ ಬೆಳೆದಿತ್ತು. ಬೆಳಿಗ್ಗೆ ಅವನು ಟ್ರ್ಯಾಕ್ಟರ್ ಹೊಡೆದುಕೊಂಡು ಹೊರಟರೆ ಹೆಂಡತಿ ಬುತ್ತಿಗಂಟು ಹಿಡಿದು ಮಡ್‌ಗಾರ್ಡಿನ ಮೇಲೆ ಕೂರುತ್ತಿದ್ದಳು. ದಾರಿಯುದ್ದಕ್ಕೂ ಎಂಜಿನ್ನಿನ ಸದ್ದು ಮೀರಿಸಿ ಮಾತಾಡುತ್ತಿದ್ದಳು. ಅವನಿಗೆ ಅರ್ಧ ಕೇಳಿಸುತ್ತಿತ್ತು. ಉಳಿದರ್ಧಕ್ಕೆ ಸುಮ್ಮನೆ ಹೂಂ ಅನ್ನುತ್ತಿದ್ದ.

ಜಾಲಿಮುಳ್ಳು ಆಗಾಗ ಗಾಲಿಗೆ ನಾಟುತ್ತಿತ್ತು. ಪಂಚರ್ ಹಾಕುವವನು ಊರಿನಿಂದ ಬರುವ ತನಕ ಇಬ್ಬರೂ ಬೇವಿನ ನೆರಳಿಗೆ ಕೂರಬೇಕು. ರೈತ ಮುಳ್ಳಿಗೆ ಬೈಯುತ್ತಿದ್ದ. ಹೆಂಡತಿ ಗಂಟು ಬಿಚ್ಚಿ ರೊಟ್ಟಿ ಮುಂದಿಡುತ್ತಿದ್ದಳು.

“ಅದಕ್ಯಾಕ ಬೈತೀರಿ? ನಾ ಕರದ್ರ ನೀವು ಉಣ್ಣಾಕ ಬರಂಗಿಲ್ಲ. ಮುಳ್ಳು ಕರದ್ರ ಬರ್ತೀರಿ.”

ಒಂದು ವರ್ಷ ಬಿತ್ತನೆಯ ಹೊತ್ತಿಗೇ ಮೇಲಿಂದ ಮೇಲೆ ಪಂಚರ್ ಆಯಿತು. ಹದ ತಪ್ಪಿತು. ರೈತ ಸಿಟ್ಟಿನಲ್ಲಿ ಪಟ್ಟಣಕ್ಕೆ ಹೋದ. ಗಾಳಿಯ ಬದಲು ಫೋಮ್ ತುಂಬಿಸಬಹುದು ಎಂದ ಟೈರಿನ ಅಂಗಡಿಯವನು. ಒಳಗೆ ಹೋಗುವಾಗ ನೀರಿನಂತಿರುತ್ತದೆ, ಹೋದ ಮೇಲೆ ಹೆಪ್ಪುಗಟ್ಟಿ ರಬ್ಬರಾಗುತ್ತದೆ; ಆಮೇಲೆ ಮುಳ್ಳಲ್ಲ, ಮೊಳೆ ಹೊಕ್ಕರೂ ಚಿಂತೆಯಿಲ್ಲ. ರೈತ ನಾಲ್ಕೂ ಗಾಲಿಗೆ ತುಂಬಿಸಿಕೊಂಡು ಬಂದ.

ಅಂದಿನಿಂದ ಟ್ರ್ಯಾಕ್ಟರ್ ನಿಲ್ಲಲಿಲ್ಲ. ಮುಳ್ಳು ಗಾಲಿಯಲ್ಲೇ ಮುರಿದು ಉಳಿಯುತ್ತಿತ್ತು. ಗಾಲಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ರೈತ ಹಿಗ್ಗಿದ. ಆದರೆ ದಾರಿಯ ತಗ್ಗುದಿನ್ನೆಗಳು ಇದ್ದಲ್ಲೇ ಇದ್ದವು. ಮೊದಲು ಗಾಲಿ ತುಸು ಕುಗ್ಗಿ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತಿತ್ತು. ಈಗ ಅದು ಕುಗ್ಗುವುದಿಲ್ಲ. ಪೆಟ್ಟು ಅಚ್ಚಿಗೆ ಹೋಯಿತು, ಬೇರಿಂಗಿಗೆ ಹೋಯಿತು, ಅಲ್ಲಿಂದ ರೈತನ ಸೊಂಟಕ್ಕೆ ಬಂತು. ಗಾಲಿಗಳ ಭಾರಕ್ಕೆ ಎಂಜಿನ್ ಹೆಚ್ಚು ಡೀಸೆಲ್ ಕುಡಿಯಿತು. ಮೊದಲೆಲ್ಲ ಹೊಲಕ್ಕಿಳಿಯುವಾಗ ಒಂದಿಷ್ಟು ಗಾಳಿ ಬಿಟ್ಟು ಗಾಲಿಯನ್ನು ಮೆತ್ತಗೆ ಮಾಡಿಕೊಳ್ಳುತ್ತಿದ್ದ. ಈಗ ಬಿಡಲು ಗಾಳಿಯೇ ಇಲ್ಲ. ಗಾಲಿ ಹಾದಲ್ಲೆಲ್ಲ ಎರೆಮಣ್ಣು ಒತ್ತಿ ಗಟ್ಟಿಯಾಯಿತು. ಆ ಸಾಲುಗಳಲ್ಲಿ ಜೋಳ ಗೇಣುದ್ದಕ್ಕೇ ನಿಂತಿತು.

ಹೆಂಡತಿ ಕೆಲವು ದಿನ ಕೂತು ನೋಡಿದಳು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಬೇಕಾಗಿ ಬಂದು ಮಾತು ನಿಂತಿತು. ಒಂದು ದಿನ ದಾರಿಯ ನಡುವೆ ಇಳಿದಳು.

“ನೀವು ಹೋಗ್ರಿ. ನಾ ನಡಕೋತ ಬರ್ತೀನಿ.”

ರೈತ ಹೋದ. ದಿನವೂ ಅವಳು ಹೊಲ ಮುಟ್ಟುವಾಗ ಅವನು ಇನ್ನೊಂದು ತುದಿಯಲ್ಲಿರುತ್ತಿದ್ದ. ಅವಳು ಬುತ್ತಿಯನ್ನು ಬದುವಿನ ಮೇಲಿಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಅವನು ಬಂದು ಒಬ್ಬನೇ ಉಣ್ಣುತ್ತಿದ್ದ. ಸುಗ್ಗಿಯ ಹೊತ್ತಿಗೆ ಅವನಿಗೆ ಬೇವಿನ ನೆರಳು ನೆನಪಾಗತೊಡಗಿತು. ಅವಳು ಅಲ್ಲಿ ಹೇಳುತ್ತಿದ್ದುದರಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಯಾರ ಎಮ್ಮೆ ಕರು ಹಾಕಿತು, ಯಾರ ಮನೆಯ ಉಪ್ಪಿನಕಾಯಿಗೆ ಬೂಸು ಹಿಡಿಯಿತು, ಇಂಥವೇ. ಈಗ ಅವೇ ಬೇಕೆನಿಸಿದವು.

ಅವನು ಮತ್ತೆ ಪಟ್ಟಣಕ್ಕೆ ಹೋಗಿ, ಒಳಗಿನದನ್ನು ತೆಗೆದುಬಿಡು ಎಂದ.

“ಗಾಳಿ ಆಗಿದ್ರ ಈಗಿಂದೀಗ ಬಿಡ್ತಿದ್ದೆ,” ಎಂದ ಅಂಗಡಿಯವನು. “ಇದು ಹಂಗ ಹೋಗಂಗಿಲ್ಲ ಯಜಮಾನ್ರ. ಟೈರ್ ಕೊಯ್ಯಬೇಕು.”

“ಕೊಯ್ಯಿ,” ಎಂದ ರೈತ.

ಹೊಸ ಟೈರು ಹಾಕಿಸಿ, ಗಾಳಿ ತುಂಬಿಸಿಕೊಂಡು ಬಂದ. ಮರುದಿನ ಹೆಂಡತಿಯನ್ನು ಕರೆದ. ಅವಳು ಹತ್ತಲಿಲ್ಲ, ನಡೆದು ರೂಢಿಯಾಗಿದೆ ಎಂದಳು. ಹೀಗೇ ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಜಾಲಿಯ ದಾರಿಯಲ್ಲಿ ಮುಂದಿನ ಗಾಲಿ ಗಾಳಿ ಬಿಟ್ಟು ಕೂತಿತು. ರೈತ ಬೈಯಲಿಲ್ಲ. ಇಳಿದು ಬೇವಿನ ಕೆಳಗೆ ಕೂತ. ಹಿಂದೆ ನಡೆದು ಬರುತ್ತಿದ್ದವಳು ಅಲ್ಲಿಗೆ ಬಂದಳು. ಗಾಲಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಪಕ್ಕದಲ್ಲಿ ಕೂತು ಗಂಟು ಬಿಚ್ಚಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಗುರುಪಾದನಿಗೆ ಕತೆ ತಿಳಿಯಿತು, ಸಮಾಧಾನವಾಗಲಿಲ್ಲ.

“ಹಂಗಾದ್ರ ದಿನಾ ಮುಳ್ಳು ನಾಟಿಸಿಕೋತನ ಇರಬೇಕೇನ್ರಿ ಅಜ್ಜಾರ?” ಎಂದ.

ಹೊರಗೆ ಅವನ ಊರಿನಿಂದ ಬರುವ ಬಸ್ಸು ಬಂದು, ನಿಂತು, ಮುಂದೆ ಹೋಯಿತು. ಗುರುಗಳು ಕಟ್ಟೆಯ ಕಡೆ ನೋಡಿದರು.

“ಇವತ್ತ ಸೋಮವಾರ, ಗುರುಪಾದ; ನಿಮ್ಮವ್ವ ಬಂದಿಲ್ಲ.”