ಅಂಗಡಿಯೇ ಇಲ್ಲದ ಪೇಟೆಗುಡ್ಡ

ನೆಲ್ಲಿದುರ್ಗದ ಹಾಳು ಕೋಟೆಯಿಂದ ಬಡಗಣ ದಿಕ್ಕಿಗೆ ಒಂದು ಹರಿದಾರಿ ನಡೆದರೆ ಬೋಳು ಗುಡ್ಡವೊಂದು ಸಿಗುತ್ತದೆ. ಅದರ ಹೆಸರು ಪೇಟೆಗುಡ್ಡ. ಹೆಸರು ನಂಬಿ ಹತ್ತಿದವರು ಮೋಸ ಹೋಗುತ್ತಾರೆ. ಅಲ್ಲಿ ಪೇಟೆಯಿಲ್ಲ, ಸಂತೆಯಿಲ್ಲ, ಒಂದು ಬೀಡಿ ಬೇಕೆಂದರೂ ಕೆಳಗಿನ ಊರಿಗೇ ಇಳಿಯಬೇಕು. ಇರುವುದೆಲ್ಲ ಬಂದರೆಯ ಪೊದೆ, ಕಳ್ಳಿ, ಮೇಯುವ ನಾಲ್ಕು ಆಡು, ಬಿಡದೆ ಬೀಸುವ ಗಾಳಿ. ನೆತ್ತಿಯ ಮೇಲೆ ಮಾತ್ರ ಮಟ್ಟಸವಾದ ಬಯಲಿದೆ; ಅದರಲ್ಲಿ ಮೊಣಕಾಲೆತ್ತರದ ಕಲ್ಲುಗಳು ಎದುರುಬದುರಾಗಿ ಸಾಲು ಹಿಡಿದು ಬಿದ್ದಿವೆ. ಓದಿದವರು ಬಂದು ನೋಡಿ, ಇವು ಗೋರಿಗಳಿರಬೇಕು ಎಂದು ಒಬ್ಬರು, ದಂಡಿನ ಕುದುರೆ ಕಟ್ಟುವ ಗೂಟಗಲ್ಲು ಎಂದು ಇನ್ನೊಬ್ಬರು ಬರೆದುಹೋಗಿದ್ದಾರೆ. ಕೆಳಗಿನ ಊರಿನ ಹಿರಿಯರನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು: ಅಲ್ಲಿ ದಂಡೂ ಇಳಿಯಲಿಲ್ಲ, ಹೆಣವನ್ನೂ ಹೂಳಲಿಲ್ಲ. ಅಲ್ಲಿರುವುದು ಒಂದು ಊರಿನ ನೆನಪು, ಆ ನೆನಪನ್ನು ನೆಲದ ಮೇಲೆ ನಿಲ್ಲಿಸಿದವಳು ಹೆಂಡ ಮಾರುವ ಒಬ್ಬ ಹೆಂಗಸು.

ಹಿಂದೆ ಒಮ್ಮೆ, ನೆಲ್ಲಿದುರ್ಗವನ್ನು ಪಾಳೆಯಗಾರರು ಆಳುತ್ತಿದ್ದಾಗ, ಕೋಟೆಯ ಹೆಬ್ಬಾಗಿಲಿನ ಮುಂದೆಯೇ ಒಂದು ಪೇಟೆ ಇತ್ತು ಎನ್ನುತ್ತಾರೆ. ಒಂದೇ ಬೀದಿ, ನಡುವೆ ಒಂದು ತಿರುವು. ಒಂದು ತುದಿಯಲ್ಲಿ ಗುಡಿ, ಅದರ ಪಕ್ಕ ಚನ್ನಬಸೆಟ್ಟಿಯ ದವಸದ ಮಳಿಗೆ, ಮುಂದೆ ಜವಳಿ, ಬೆಲ್ಲ, ಬೋಡಪ್ಪನ ಎಣ್ಣೆ ಗಾಣ, ಸಂಗವ್ವನ ಬಳೆ ಮಲಾರ. ತಿರುವಿನಲ್ಲಿ ಈಡಿಗರ ಮಾಳವ್ವನ ಹೆಂಡದಂಗಡಿ. ಮಾಳವ್ವನ ಗಂಡ ಈಚಲ ಮರದಿಂದ ಬಿದ್ದು ಸತ್ತ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಹೊಸ್ತಿಲ ಪಕ್ಕದಲ್ಲಿ ಒಂದು ಮಡಕೆ ಬೋರಲು ಹಾಕಿ ಅದರ ಮೇಲೆ ಕುಳಿತು, ಸೋರೆ ಬುರುಡೆಯಲ್ಲಿ ಹೆಂಡ ಎತ್ತಿ, ಮುತ್ತುಗದ ದೊನ್ನೆಗೆ ಹುಯ್ಯುತ್ತಿದ್ದಳು. ಗಾಣದವನಿಗೂ ಅದೇ ದೊನ್ನೆ, ಚಪ್ಪಲಿ ಹೊಲಿಯುವ ದುರುಗಪ್ಪನಿಗೂ ಅದೇ ದೊನ್ನೆ. ಆ ಬೀದಿಯಲ್ಲಿ ಎಲ್ಲರೂ ಒಂದೇ ಹಲಗೆಯ ಮೇಲೆ ಕೂರುತ್ತಿದ್ದ ಜಾಗ ಅದೊಂದೇ. ಗುಡಿಯಲ್ಲಿ ಅದು ಆಗಲಿಲ್ಲ, ಬಾವಿಯ ಹತ್ತಿರ ಆಗಲಿಲ್ಲ. ಹೆಂಡದ ಮುಂದೆ ಆಯಿತು. ಮಾನವಂತರು ಮಾತ್ರ ಹಿಂದಿನ ಬಾಗಿಲಿಂದ ಬರುತ್ತಿದ್ದರು. ಅವರಲ್ಲಿ ಯಜಮಾನ ಚನ್ನಬಸೆಟ್ಟಿಯೂ ಒಬ್ಬ. ಇದು ಬೀದಿಗೆಲ್ಲ ಗೊತ್ತಿತ್ತು. ತನಗೊಬ್ಬನಿಗೇ ಗೊತ್ತು ಎಂದು ಶೆಟ್ಟಿ ತಿಳಿದಿದ್ದ.

ಒಂದು ವರ್ಷ, ಮೂಡಣದಿಂದ ದಂಡು ಬರುತ್ತದೆ ಎಂದು ಸುದ್ದಿ ಹಬ್ಬಿತು. ಪಾಳೆಯಗಾರನಿಗೆ ಅವನ ದಳವಾಯಿ ಹೇಳಿದ: ಕೋಟೆಯ ಮುಂದೆ ಮನೆಮಠ ಇದ್ದರೆ ಶತ್ರು ಮರೆ ನಿಲ್ಲುತ್ತಾನೆ, ನಮ್ಮ ಫಿರಂಗಿಗೆ ಗುರಿ ಸಿಗುವುದಿಲ್ಲ, ಬಯಲು ಮಾಡಿಬಿಡಿ. ಅಷ್ಟೇ. ಒಂದು ಮಾತು, ಮೂರು ದಿನದ ಕೆಲಸ. ಗಾಣದ ಕಲ್ಲು ಉರುಳಿತು, ಮಳಿಗೆಯ ಜಂತೆಗಳು ಕೋಟೆಯ ಒಲೆಗೆ ಹೋದವು, ಮಾಳವ್ವನ ಗಂಡನನ್ನು ಮಣ್ಣು ಮಾಡಿದ್ದ ಈಚಲ ತೋಪನ್ನೂ ಕಡಿದು ಮಲಗಿಸಿದರು. ಅರಸರ ಕಥೆ ಬರೆಯುವವರು ಇದನ್ನು ಮುಂದಾಲೋಚನೆ ಎಂದು ಹೊಗಳುತ್ತಾರೆ. ಒಂದು ಮಾತನ್ನು ಅವರು ಬರೆಯುವುದಿಲ್ಲ: ಆ ದಂಡು ಬರಲೇ ಇಲ್ಲ. ಬರುವ ದಂಡಿಗೆ ಹೆದರಿ ಇದ್ದ ಊರನ್ನು ಅಳಿಸಿದರು. ಮತ್ತೆ ಕಟ್ಟಿಕೊಳ್ಳುತ್ತೇವೆ ಎಂದು ಕೇಳಿದವರಿಗೆ, ಈಗ ಬಯಲೇ ಚೆನ್ನಾಗಿದೆ, ಹೆಬ್ಬಾಗಿಲಿಗೆ ಗಾಳಿ ಬರುತ್ತದೆ ಎಂದು ಹೇಳಿ ಕಳಿಸಿದರು.

ಪೇಟೆಯವರು ಈ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡು ಒಂದು ಮಳೆಗಾಲ, ಒಂದು ಚಳಿಗಾಲ ಕಾದರು. ಆಮೇಲೆ ಆಸೆ ಬಿಟ್ಟರು. ಗಾಣದವರು ತೆಂಕಲಿಗೆ, ಬಳೆಗಾರರು ಪಡುವಲಿಗೆ, ಶೆಟ್ಟಿಯ ಮನೆಯವರು ಹೊಳೆಯಾಚೆಗೆ, ಹೀಗೆ ಒಬ್ಬೊಬ್ಬರು ಒಂದೊಂದು ಕಡೆ ದಾರಿ ಹುಡುಕಿಕೊಂಡರು. ಅಮಾವಾಸ್ಯೆ ಕಳೆದು ಹೊರಡುವುದೆಂದು ಮಾತಾಯಿತು. ಆಗ ಚನ್ನಬಸೆಟ್ಟಿಗೆ ಒಂದು ಯೋಚನೆ ಬಂತು. ಹೋಗುವ ಮುಂಚೆ ಗುಡ್ಡದ ನೆತ್ತಿಯ ಮೇಲೆ ನಮ್ಮ ಬೀದಿಯನ್ನು ಕಲ್ಲಿನಲ್ಲಿ ಇಟ್ಟು ಹೋಗೋಣ. ಒಂದೊಂದು ಅಂಗಡಿಗೆ ಒಂದೊಂದು ಕಲ್ಲು, ಇದ್ದ ಹಾಗೆಯೇ, ಇದ್ದ ಸಾಲಿನಲ್ಲೇ. ವರ್ಷಕ್ಕೊಮ್ಮೆ ಎಲ್ಲಿದ್ದರೂ ಬಂದು ಮಕ್ಕಳ ಕೈಹಿಡಿದು ಆ ಬೀದಿಯಲ್ಲಿ ನಡೆಸೋಣ. ಈ ಮಾತು ಕೇಳಿ ಗಂಡಸರೂ ಕಣ್ಣೊರೆಸಿಕೊಂಡರಂತೆ. ಮಾಳವ್ವ ಎದ್ದವಳೇ ಇಳಿಜಾರಿನಿಂದ ಒಂದು ಕಲ್ಲು ಆರಿಸಿ ಸೊಂಟದ ಮೇಲೆ ಹೊತ್ತು ತಂದಳು. ಶೆಟ್ಟಿ ಕೈ ಅಡ್ಡ ಹಿಡಿದ.

“ನಿಂದು ಬೇಡ ಕಣವ್ವ.”

“ಯಾಕ್ರೀ ಶೆಟ್ರೆ? ನನ್ನಂಗಡಿ ಬೀದಿಯಲ್ಲಿರ್ಲಿಲ್ವ?”

“ಇತ್ತು, ಯಾರು ಇಲ್ಲ ಅಂದ್ರು? ನಾಳೆ ಮೊಮ್ಮಕ್ಕಳನ್ನ ಕರ್ಕೊಂಡು ಬರ್ತೀವಿ. ಇದು ಗುಡಿ, ಇದು ನಮ್ಮ ಮಳಿಗೆ ಅಂತ ತೋರಿಸ್ತೀವಿ. ನಡುವೆ ಇದೇನು ತಾತ ಅಂದ್ರೆ ಏನು ಹೇಳ್ಲಿ?”

“ತಾತ ಬಂದು ಕೂರ್ತಿದ್ದ ಜಾಗ ಅನ್ರಿ.”

ಸುತ್ತ ನಿಂತವರು ನಕ್ಕರು. ನಕ್ಕವರಲ್ಲಿ ಒಬ್ಬನೂ ಅವಳ ಪರವಾಗಿ ಬಾಯಿ ಬಿಡಲಿಲ್ಲ. ದುರುಗಪ್ಪನ ಚಪ್ಪಲಿ ಚಪ್ಪರಕ್ಕೂ ಕಲ್ಲಿಲ್ಲ ಎಂದಾಯಿತು. ಅವನು ಇಳಿಜಾರಿಗೆ ಹೋಗಿ ನಿಂತ. ಊರು ಇದ್ದಾಗ ಇವರ ಕೆಲಸ ಬೇಕು, ಇವರ ಹೆಂಡ ಬೇಕು. ಊರು ನೆನಪಾಗುವ ಹೊತ್ತಿಗೆ ಇವರು ಬೇಡ. ಪಾಳೆಯಗಾರ ಕೆಡವಿದ್ದು ಇಡೀ ಬೀದಿಯನ್ನು. ಅದರಲ್ಲಿ ಇವರ ಅಂಗಡಿಗಳನ್ನಷ್ಟೇ ಆರಿಸಿ ಎರಡನೆಯ ಸಲ ಕೆಡವಿದವರು ಜೊತೆಯಲ್ಲಿ ಬಾಳಿದವರು.

ಮಾಳವ್ವ ತನ್ನ ಕಲ್ಲನ್ನು ಗುಡಿಸಲ ಮುಂದೆ ಇಳಿಸಿ ಅದರ ಮೇಲೆಯೇ ಕುಳಿತಳು. ಅವಳಿಗೆ ಶೆಟ್ಟಿಯ ಮಾತಿಗಿಂತ ಬೇರೆ ಸಂಕಟವಿತ್ತು. ಅವಳ ಒಬ್ಬಳೇ ಮಗಳು ಚೌಡಿ ದೂರದ ಊರಿನಲ್ಲಿ ತುಂಬು ಬಸುರಿ. ಚೌಡಿ ಹುಟ್ಟಿದ್ದು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೆಂಡದ ಗಡಿಗೆಗಳ ನಡುವೆ. ಹೊರಗೆ ಬೋಡಪ್ಪನ ಗಾಣ ಕಿರುಗುಡುತ್ತಿತ್ತು, ಹೆರಿಗೆ ಮಾಡಿಸಿದವಳು ಬಳೆಗಾರರ ಸಂಗವ್ವ, ಗಂಡ ಮರ ಹತ್ತುವ ಹಗ್ಗವನ್ನು ಸೊಂಟದಿಂದ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದ. ಹುಟ್ಟುವ ಮೊಮ್ಮಗು ನಾಳೆ, ನಮ್ಮವ್ವ ಹುಟ್ಟಿದ್ದೆಲ್ಲಿ ಎಂದು ಕೇಳಿದರೆ ಎಲ್ಲಿಗೆ ಕೈ ತೋರಿಸಬೇಕು? ಮನೆಯಿಲ್ಲ, ತೋಪಿಲ್ಲ, ಗಂಡನನ್ನು ಹೂತ ನೆಲದ ಗುರುತಿಲ್ಲ. ಉಳಿದಿರುವುದು ಒಂದು ಕಲ್ಲಿನಷ್ಟು ಜಾಗ. ಅದನ್ನೂ ಕೊಡುವುದಿಲ್ಲ ಎನ್ನುತ್ತಾರೆ. ಹುಳಿ ಹೆಂಡದ ವಾಸನೆ, ಸಂಜೆಯ ಬಿಸಿಲು ಹಲಗೆಯ ಮೇಲೆ ಬೀಳುತ್ತಿದ್ದ ರೀತಿ, ಗಾಣದ ಎತ್ತು ಹಾದುಹೋಗುವಾಗ ದೊನ್ನೆಗೆ ಮೂತಿ ಚಾಚುತ್ತಿದ್ದುದು, ಎಲ್ಲವೂ ಅವಳ ಎದೆಯಲ್ಲಿ ಒಟ್ಟಿಗೆ ಎದ್ದು ನಿಂತವು. ಅವಳು ಅಳಲಿಲ್ಲ. ಕುಳಿತು ನೋಡಿದಳು.

ನೋಡುವಂಥದ್ದೇ ನಡೆಯಿತು. ಬೀದಿ ಕೂಡಿಬರಲಿಲ್ಲ. ಮೊದಲ ದಿನ ಗುಡಿ, ಮಳಿಗೆ, ಜವಳಿ ಸರಾಗವಾಗಿ ಕುಳಿತವು. ಆಮೇಲೆ ಬೋಡಪ್ಪ ತನ್ನ ಗಾಣಕ್ಕೆಂದು ಒಂದು ಕಲ್ಲನ್ನು ತಂದು ಇಟ್ಟ. ಅದು ಸಂಗವ್ವನ ಮಲಾರದ ಮೇಲೆಯೇ ಬಂತು. ಸಂಗವ್ವ ಸೊಂಟಕ್ಕೆ ಕೈ ಕೊಟ್ಟಳು. “ನಿನ್ನೆತ್ತು ನನ್ನ ಬಳೆ ತುಳೀತಿತ್ತೇನೋ? ತೆಗೀ ಆ ಕಡೆ!” ಆ ಕಡೆ ತೆಗೆದರೆ ಬೆಲ್ಲದಂಗಡಿ ಬೀದಿಯಿಂದಲೇ ಆಚೆ ಹೋಯಿತು. ತಿರುವು ಎಲ್ಲಿ ಬರಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಲ್ಲು ಹೊತ್ತು ಹೊತ್ತು ಹೆಗಲು ಸುಲಿದವು, ಬೈದಾಡಿ ಗಂಟಲು ಕಟ್ಟಿತು. ಎರಡನೆಯ ದಿನ ಬೋಡಪ್ಪ ಕಲ್ಲನ್ನು ಧೊಪ್ಪನೆ ಹಾಕಿ ಕೂಗಿದ:

“ನನಗೆ ಗೊತ್ತಿಲ್ವ ನನ್ನ ಗಾಣ? ಅಲ್ಲಿಂದ ಮೂರನೇದು!”

“ಎಲ್ಲಿಂದ?” ಎಂದಳು ಸಂಗವ್ವ.

ಬೋಡಪ್ಪ ಬೆರಳೆತ್ತಿ ಸುತ್ತ ಹುಡುಕಿದ; ತೋರಿಸಲು ಅಲ್ಲಿ ಕಲ್ಲೇ ಇರಲಿಲ್ಲ. ಜವಳಿಯವನಿಗೆ ಅಲ್ಲಿಂದ ಎಡಕ್ಕೆ ಆರನೆಯದು, ಬೆಲ್ಲದವನಿಗೆ ಅಲ್ಲಿಂದ ಎದುರು ಸಾಲು. ಊರಿನವರೆಲ್ಲ ಹುಟ್ಟಿದಾಗಿನಿಂದ ತಮ್ಮ ತಮ್ಮ ಅಂಗಡಿಯನ್ನು ಮಾಳವ್ವನ ಅಂಗಡಿಯಿಂದ ಎಣಿಸಿಯೇ ಹೇಳಿಕೊಂಡು ಬಂದಿದ್ದರು. ಹೊರಗಿನಿಂದ ಬಂದವರಿಗೂ ಹಾಗೆಯೇ ಗುರುತು ಹೇಳುತ್ತಿದ್ದರು. ಆ ಒಂದನ್ನು ತೆಗೆದಿದ್ದೇ ತಡ, ಉಳಿದ ಬೀದಿ ಅವರ ತಲೆಯಲ್ಲಿ ಕಲಸಿಹೋಗಿತ್ತು.

ಹೊರಡುವುದಕ್ಕೆ ಒಂದೇ ದಿನ ಉಳಿದಿತ್ತು. ಮೂರನೆಯ ದಿನ ಬೆಳಿಗ್ಗೆ ಸಂಗವ್ವನೇ ಮುಂದಾಗಿ ಬಂದಳು. ಹಿಂದೆ ಬೋಡಪ್ಪ, ಅವನ ಹಿಂದೆ, ಬರಲೋ ಬೇಡವೋ ಎಂಬಂತೆ, ಚನ್ನಬಸೆಟ್ಟಿ. “ಮಾಳಿ, ದಿನವೂ ಹೊಸ್ತಿಲಲ್ಲಿ ಕೂತು ಬೀದಿಯ ಎರಡೂ ತುದಿ ನೋಡ್ತಿದ್ದೋಳು ನೀನೊಬ್ಬಳೇ. ಯಾವುದೆಲ್ಲಿ ಅಂತ ಹೇಳಿಬಿಡೇ ತಾಯಿ” ಎಂದಳು.

“ಹೇಳ್ತೀನಕ್ಕ. ಆದ್ರೆ ನನಗೆ ಗೊತ್ತಿರೋದು ನಾನಿದ್ದ ಕಡೆಯಿಂದ. ಮೊದ್ಲು ನಂಗೆ ನಿಲ್ಲೋಕೆ ಜಾಗ ಕೊಡಿ.”

ಶೆಟ್ಟಿ ಆಕಾಶ ನೋಡಿದ. “ನಿಲ್ಲಲಿ. ನಿಲ್ಲೋದಕ್ಕೇನು?” ಎಂದ. ಕಲ್ಲಿನ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮಾಳವ್ವ ಬರಿಗೈಯಲ್ಲಿ ನೆತ್ತಿಯ ಬಯಲಿಗೆ ನಡೆದಳು. ಮೂಡಲಿಗೆ ಮುಖ ಮಾಡಿ ಒಂದು ಕಡೆ ಕಾಲೂರಿ ನಿಂತು, ಕಣ್ಣು ಮುಚ್ಚಿ ತೆರೆದಳು. ಆಮೇಲೆ ಕೈ ಚಾಚಿ ಒಂದೊಂದೇ ಕರೆದಳು. ಬೋಡಪ್ಪ, ನಿನ್ನ ಗಾಣ ಬಲಕ್ಕೆ, ಇನ್ನೂ ಆಚೆ, ಎತ್ತು ತಿರುಗಬೇಡವೇ? ಸಂಗಕ್ಕ, ನಿನ್ನ ಮಲಾರ ಅದರೆದುರಿಗೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನನ್ನ ಮುಖ ನೋಡಿ ಉಗೀತಿದ್ದೆ, ಆಮೇಲೆ ಬಂದು ಎಲೆಅಡಿಕೆ ಕೇಳ್ತಿದ್ದೆ. ಬೆಲ್ಲದಂಗಡಿ ಅಲ್ಲಿ, ಅದರ ಜಗಲಿಯ ಮೇಲೆ ಒಂದು ಕುಂಟು ನಾಯಿ ಮಲಗ್ತಿತ್ತು. ಒಂದೊಂದು ಕಲ್ಲು ಇಳಿದ ಹಾಗೆ ಅದರ ಹಿಂದಿನ ಮನೆ, ಮನೆಯ ಹಿತ್ತಿಲು, ಹಿತ್ತಿಲ ಮಾತು, ಸತ್ತವರ ಕೆಮ್ಮು ಕೂಡ ಅವಳ ಬಾಯಲ್ಲಿ ಬಂತು. ಹೊತ್ತವರು ಕಲ್ಲಿನ ಪಕ್ಕದಲ್ಲೇ ಕುಸಿದು ಕುಳಿತು ಕೇಳಿದರು. ತಿರುವು ತಾನಾಗಿಯೇ ಮೂಡಿತು. ನಡುವೆ ಅವಳು ಇಳಿಜಾರಿನ ಕಡೆ ತಿರುಗಿ, “ದುರುಗಪ್ಪಾ, ಕಲ್ಲು ತಗೊಂಡು ಬಾರಣ್ಣ, ನಿನ್ನ ಚಪ್ಪರ ನನ್ನೆಡಕ್ಕೆ” ಎಂದು ಕೂಗಿದಳು. ಜವಳಿಯವನು ಕೆಮ್ಮಿ ಏನೋ ಹೇಳಹೊರಟ. “ಸುಮ್ನಿರು ಮಾರಾಯ, ಆ ತುದೀಲಿದ್ದ ನನ್ನ ತಮ್ಮನ ಅಂಗಡಿಗೆ ಅವಳಿನ್ನೂ ಜಾಗ ಹೇಳಿಲ್ಲ” ಎಂದು ಸಂಗವ್ವ ಅವನ ಬಾಯಿ ಮುಚ್ಚಿಸಿದಳು. ದುರುಗಪ್ಪ ಕಲ್ಲು ತಂದಿಟ್ಟ. ಯಾರೂ ತೆಗೆಯಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಬೀದಿ ಮುಗಿದಿತ್ತು. ಜನ ಅದರಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದರು, ಇಲ್ಲದ ಬಾಗಿಲುಗಳ ಮುಂದೆ ನಿಂತು ಮಾತಾಡಿಸಿದರು. ಚನ್ನಬಸೆಟ್ಟಿ ತನ್ನ ಮಳಿಗೆಯ ಕಲ್ಲಿಗೆ ಒರಗಿ ಗದ್ದುಗೆಯ ಮೇಲೆ ಕುಳಿತವನಂತೆ ಬಹಳ ಹೊತ್ತು ಕುಳಿತಿದ್ದ. ಬಿಸಿಲು ಕೆಂಪಾದಾಗ, ಅಂಗಡಿ ಮುಚ್ಚುವ ಹೊತ್ತಾಯಿತೆಂಬಂತೆ ಎದ್ದ, ಪಂಚೆ ಕೊಡವಿದ, ತಲೆ ತಗ್ಗಿಸಿ ನಡೆದ. ಅವನ ಕಾಲು ನೇರ ಬೀದಿಯಲ್ಲಿ ಹೋಗಲಿಲ್ಲ. ಬೆಲ್ಲದಂಗಡಿಯ ಸಂದಿಗೆ ಹೊರಳಿ, ಹಿಂದಿನಿಂದ ಬಳಸಿಕೊಂಡು ಬಂದು, ಮಾಳವ್ವನ ಬೆನ್ನ ಹಿಂದೆ ನಿಂತಿತು. ಬೀದಿಗೆ ಬೀದಿಯೇ ನೋಡುತ್ತಿತ್ತು. ಶೆಟ್ಟಿಗೆ ಎಚ್ಚರವಾದದ್ದು ಆಮೇಲೆ.

ಬೆಳಗಿನಿಂದ ನಿಂತೇ ಇದ್ದ ಮಾಳವ್ವ ತಿರುಗಿ ನೋಡದೆ ಹೇಳಿದಳು: “ಬಂದ್ರಾ ಶೆಟ್ರೆ? ಇಲ್ಲಿ ಹಿಂದಿನ ಬಾಗಿಲು ಇಲ್ಲ, ಬಯಲು. ಮುಂದಿನಿಂದ ಬರ್ರಿ.”

ಶೆಟ್ಟಿ ಸುತ್ತಿ ಮುಂದಕ್ಕೆ ಬಂದ. ಅವನ ಕಣ್ಣು ತುಂಬಿತ್ತು. “ಸಾಕು ತಾಯಿ, ಬಂದು ಕೂತ್ಕೋ, ಕಾಲು ನೋಯುತ್ತೆ” ಎಂದ.

“ನಾನು ಸರಿದ್ರೆ ಈ ಜಾಗವೂ ಹೋಗುತ್ತೆ.”

ಶೆಟ್ಟಿ ಬೋಡಪ್ಪನನ್ನೂ ದುರುಗಪ್ಪನನ್ನೂ ಕರೆದು, ಅವರ ಜೊತೆ ತಾನೂ ಹೆಗಲು ಕೊಟ್ಟು, ಆ ಗುಡ್ಡದಲ್ಲಿ ಸಿಕ್ಕ ಅತಿ ಉದ್ದದ ಕಲ್ಲನ್ನು ಎಳೆದು ತಂದ. ಉಳಿದ ಕಲ್ಲುಗಳಂತೆ ಅದನ್ನು ಮಲಗಿಸಲಿಲ್ಲ. ಅವಳು ನಿಂತಿದ್ದಳಲ್ಲ, ಅವಳ ಹಿಮ್ಮಡಿಯ ಹಿಂದೆ ಗುಣಿ ತೋಡಿ ನಿಲ್ಲಿಸಿದರು. ಕಲ್ಲು ಬೆನ್ನಿಗೆ ತಾಗಿದ ಮೇಲೆಯೇ ಮಾಳವ್ವ ಹೆಜ್ಜೆ ಎತ್ತಿದ್ದು ಎನ್ನುತ್ತಾರೆ. ಮಾರನೆಯ ದಿನ ಎಲ್ಲರೂ ಚದುರಿದರು. ವರ್ಷಕ್ಕೊಮ್ಮೆ, ಎಲ್ಲಿಗೆ ಹೊರಟಿರಿ ಎಂದು ದಾರಿಯಲ್ಲಿ ಕೇಳಿದವರಿಗೆ ಅವರು ಗುಡ್ಡಕ್ಕೆ ಎನ್ನಲಿಲ್ಲ, ಪೇಟೆಗೆ ಎಂದರು. ಮುಂದಿನ ಚಳಿಗಾಲದಲ್ಲಿ ಚೌಡಿ ಕಂಕುಳಲ್ಲಿ ಕೂಸು ಹೊತ್ತು ಬಂದಾಗ, ಮಾಳವ್ವ ಕೂಸಿನ ಅಂಗೈಯನ್ನು ಆ ಕಲ್ಲಿನ ಹಿಂಬದಿಗೆ, ಹಿಂದಿನ ಕೋಣೆ ಇರಬೇಕಾದ ಕಡೆಗೆ, ಒತ್ತಿದಳಂತೆ. ಗುಡ್ಡಕ್ಕೆ ಮೊದಲು ಯಾವ ಹೆಸರಿತ್ತೋ, ಈಗ ಯಾರಿಗೂ ನೆನಪಿಲ್ಲ.

ಕೋಟೆ ಬಿದ್ದುಹೋಯಿತು, ಫಿರಂಗಿಗಳು ತುಕ್ಕು ಹಿಡಿದವು, ಈ ಕಲ್ಲುಗಳು ಇವೆ. ಈಚೆಗೆ ಯಾರೋ ದೊಡ್ಡವರು ಸೇರಿ ಗುಡ್ಡದ ಬುಡದಲ್ಲಿ ಒಂದು ಫಲಕ ನಿಲ್ಲಿಸಿದ್ದಾರೆ. ಅದರಲ್ಲಿ ಗುಡಿ, ಮಳಿಗೆ, ಜವಳಿ, ಗಾಣ ಎಂದೆಲ್ಲ ನಂಬರು ಹಾಕಿದ್ದಾರೆ. ನಿಂತ ಕಲ್ಲಿಗೆ ಕಾವಲುಗಲ್ಲು ಎಂದು ಬರೆದಿದ್ದಾರೆ. ಹೆಂಡದಂಗಡಿ ಎಂಬ ಮಾತು ಅದರಲ್ಲಿ ಇಲ್ಲ, ಚಪ್ಪಲಿ ಚಪ್ಪರವೂ ಇಲ್ಲ. ಫಲಕ ಓದಿಕೊಂಡು ಹತ್ತಿದವರು ಗುಡಿಯ ಕಡೆಯಿಂದ ಎಣಿಸುತ್ತಾ ಹೋಗಿ, ತಿರುವಿನಲ್ಲಿ ತಪ್ಪಿ, ಇಲ್ಲಿ ಬರೀ ಕಲ್ಲು ಎಂದು ಬೈದುಕೊಂಡು ಇಳಿಯುತ್ತಾರೆ. ಅಲ್ಲಿ ಆಡು ಮೇಯಿಸುವ ಮುದುಕಿಯೊಬ್ಬಳು ಇರುತ್ತಾಳೆ. ಅವಳು ಕೆಲವರನ್ನು ನೋಡಿ, ಕರೆಯಬೇಕೆನ್ನಿಸಿದರೆ ಮಾತ್ರ, ಕೋಲೆತ್ತಿ ಕರೆಯುತ್ತಾಳೆ: “ಆ ಬೋರ್ಡು ಬಿಡ್ರಪ್ಪ. ಇಲ್ಲಿ ಬರ್ರಿ, ಈ ಕಲ್ಲಿಗೆ ಬೆನ್ನು ಕೊಟ್ಟು ನಿಂತ್ಕಳ್ರಿ. ಹಾಂ, ಈಗ ನೋಡ್ರಿ.” ನಿಂತವರಿಗೆ ಎಡಕ್ಕೂ ಬಲಕ್ಕೂ ಬೀದಿಯ ಎರಡು ತುದಿಗಳು ಒಟ್ಟಿಗೆ ಕಾಣುತ್ತವೆ.